ಎರಡು ದಿನದ ರಜೆ: ಬೆಳಗಾವಿಗೋ, ಶಿವಮೊಗ್ಗಕ್ಕೋ?

ನಮ್ಮ ಶಿವಮೊಗ್ಗಕ್ಕೆ ಬಂದ ನೆಂಟರು ಮೊದಲು ಎತ್ತುವುದು ಹಸಿರಿನ ಮಾತು. ಬೆಳಗಾವಿ ನೋಡಿಬಂದವರು ಎತ್ತುವುದು ಭಾಷೆಯ ಮಾತು. ಗಡಿಯ ಊರದು. ಅಂಗಡಿಯವರು ನಿಮಗೆ ಕನ್ನಡದಲ್ಲಿ ಬೆಲೆ ಹೇಳಿ, ಅದೇ ಉಸಿರಿನಲ್ಲಿ ಪಕ್ಕದವರೊಂದಿಗೆ ಮರಾಠಿಗೆ ಹೊರಳುತ್ತಾರೆ. ಅದನ್ನು ಕೇಳುವುದೇ ಒಂದು ಖುಷಿ. ಕೋಟೆಯೊಳಗಿನ ಕಮಲ ಬಸದಿಯನ್ನು ಮಾತ್ರ ತಪ್ಪಿಸಬೇಡಿ. ರಟ್ಟ ಅರಸರ ಕಾಲದ್ದು, ಚಾವಣಿಯಿಂದ ಕಲ್ಲಿನ ಕಮಲ ಇಳಿಬಿದ್ದಿದೆ. ಆಮೇಲೆ ಹಾಲಿನ ಸಿಹಿ ಕುಂದಾ, ಬೆಚ್ಚಗಿರುವಾಗಲೇ.

ಶಿವಮೊಗ್ಗ ಪೇಟೆಯೊಳಗೆ ನೋಡುವುದು ಕಡಿಮೆ, ಒಪ್ಪುತ್ತೇನೆ. ಶಿವಪ್ಪನಾಯಕನ ಅರಮನೆಗೆ ಒಂದು ಗಂಟೆ ಸಾಕು. ಆದರೆ ಬೆಳಿಗ್ಗೆ ಸುಮಾರು 14 ಕಿ.ಮೀ. ದೂರದ ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋಗಿ ತುಂಗೆಯ ಹಿನ್ನೀರಿನ ಅಂಚಿನಲ್ಲಿ ನಿಂತುಕೊಳ್ಳಿ. ಆನೆ ಮಗ್ಗುಲಾಗಿ ಮಲಗಿರುತ್ತದೆ, ಮಾವುತ ಕಿವಿಯ ಹಿಂದೆ ತಿಕ್ಕುತ್ತಾನೆ, ಸೊಂಡಿಲಿನ ತುದಿಯಷ್ಟೇ ನೀರಿನ ಮೇಲೆ ಉಸಿರಾಡುತ್ತದೆ. ನನ್ನ ಮಗಳನ್ನು ಅಲ್ಲಿಂದ ಎಬ್ಬಿಸಲು ಸಾಕುಸಾಕಾಯಿತು.

ಜಲಪಾತವೇ ಮುಖ್ಯವೆಂದರೆ ಯೋಚಿಸುವುದೇ ಬೇಡ. ಬೆಳಗಾವಿ ಕಡೆಯ ಗೋಕಾಕ ಸುಮಾರು 52 ಮೀಟರ್, ನಮ್ಮ ಕಡೆಯ ಜೋಗ 253. ಜೋಗಕ್ಕೆ ಇಲ್ಲಿಂದ ಸುಮಾರು 100 ಕಿ.ಮೀ.; ಇಡೀ ದಿನ ಎತ್ತಿಡಿ. ಆಗುಂಬೆಯ ಸೂರ್ಯಾಸ್ತದ ಆಸೆಯಿದ್ದರೆ ಜುಲೈಯಲ್ಲಿ ಬರಬೇಡಿ, ಮಂಜು ಬಿಟ್ಟು ಏನೂ ಕಾಣದು. ಆ ತಿಂಗಳು ಜೋಗಕ್ಕೆ. ವಾಹನವಿಲ್ಲದೆ, ನಡೆದೇ ಊರು ನೋಡುವವರಾದರೆ ಬೆಳಗಾವಿಗೇ ಹೋಗಿ.