ಟಾರ್ ಬಳಿದದ್ದು, ಮೇಣ ಹೊಡೆದದ್ದು: ಜೀಪಿನ ಅಡಿಗೆ ಎಂಟು ಮಳೆಗಾಲ

ನಮ್ಮ ಕಾಫಿ ತೋಟ ಕೊಡಗಿನ ನಾಪೋಕ್ಲು ಕಡೆ. ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೆ ಬಟ್ಟೆಯನ್ನು ಒಲೆ ಮೇಲೆ ಕಟ್ಟಿ ಒಣಗಿಸುವ ಊರು. ಇಂಥ ಕಡೆ ಗಾಡಿಯ ಹೊಟ್ಟೆಯಡಿ ಒಣಗುವುದು ಯಾವಾಗ? ಹಾಗಾಗಿ 2016ರ ಡಿಸೆಂಬರ್‌ನಲ್ಲಿ ಹೊಸ ಜೀಪ್ ತಂದಾಗ, ಮೊದಲ ಮಳೆಗೆ ಮುಂಚೆಯೇ ಅಡಿಗೆ ತುಕ್ಕು ಹಿಡಿಯದಂತೆ ಟಾರ್ ಥರದ ಅಂಡರ್‌ಬಾಡಿ ಕೋಟಿಂಗ್ ಮಾಡಿಸಿಬಿಡೋಣ ಅಂತ ತೀರ್ಮಾನ ಮಾಡಿದ್ದೆ. 2017ರ ಏಪ್ರಿಲ್‌ನಲ್ಲಿ ಮೈಸೂರಿನ ಒಂದು ಅಂಗಡಿಯಲ್ಲಿ ಮಾಡಿಸಿದೆ. 4,500 ರೂಪಾಯಿ ಆಯಿತು. ಐದು ವರ್ಷ ತಲೆಬಿಸಿ ಇಲ್ಲ ಅಂದಿದ್ದರು.

ನೋಡುವುದಕ್ಕೆ ಚೆನ್ನಾಗಿಯೇ ಇತ್ತು. ಅಡಿಯೆಲ್ಲ ಕರ‍್ರಗೆ, ದಪ್ಪಗೆ, ಕೈಯಿಟ್ಟರೆ ರಬ್ಬರ್ ಮುಟ್ಟಿದ ಹಾಗೆ. ಕಲ್ಲು ಸಿಡಿದಾಗ ಆಗುವ ಟಣ್ ಟಣ್ ಸದ್ದೂ ಕಡಿಮೆಯಾಯಿತು. ಮೊದಲ ವರ್ಷ ಯಾರಾದರೂ ಕೇಳಿದ್ದರೆ ಕಣ್ಣು ಮುಚ್ಚಿ ಮಾಡಿಸಿ ಅನ್ನುತ್ತಿದ್ದೆ. ಆಗ ಬರೆಯದೆ ಇದ್ದದ್ದೇ ಒಳ್ಳೆಯದಾಯಿತು.

2018ರ ಆಗಸ್ಟ್ ನಮ್ಮ ಕಡೆಯ ಯಾರಿಗೂ ಮರೆಯುವಂಥದ್ದಲ್ಲ. ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿದಾಗ ಈ ಜೀಪ್ ವಾರಗಟ್ಟಲೆ ಕೆಸರಲ್ಲೇ ಓಡಿತು. ಆಮೇಲೂ ಎರಡು ಮಳೆಗಾಲ ಕಳೆಯಿತು. ಬಗ್ಗಿ ನೋಡಿದಾಗಲೆಲ್ಲ ಅಡಿ ಕಪ್ಪಗೆ ಗಟ್ಟಿಯಾಗಿಯೇ ಕಾಣುತ್ತಿತ್ತು. 2021ರ ಮಾರ್ಚ್‌ನಲ್ಲಿ ಹಿಂದಿನ ಶಾಕ್ ಅಬ್ಸಾರ್ಬರ್ ಬದಲಿಸಲು ನಮ್ಮೂರಿನ ಗ್ಯಾರೇಜ್‌ಗೆ ಬಿಟ್ಟೆ. ಮೆಕ್ಯಾನಿಕ್ ಪಿಟ್‌ನೊಳಗಿಂದಲೇ ಕೂಗಿದರು. ಇಳಿದು ನೋಡಿದೆ. ಸ್ಕ್ರೂಡ್ರೈವರ್ ತುದಿಯಿಂದ ಕೋಟಿಂಗ್ ಎಬ್ಬಿಸಿದರು. ಹಲಸಿನ ಹಣ್ಣಿನ ಸಿಪ್ಪೆ ಹಾಗೆ ಅಂಗೈಯಗಲ ಎದ್ದು ಬಂತು. ಒಳಗೆ ಕಬ್ಬಿಣ ಪದರ ಪದರವಾಗಿ ಉದುರುತ್ತಿತ್ತು. ಹಿಂಭಾಗದ ಫ್ಲೋರ್‌ನಲ್ಲಿ ಸ್ಕ್ರೂಡ್ರೈವರ್ ಸೀದಾ ಮೇಲೆ ಬಂತು.

"ಸಾರ್, ನಿಮ್ಮ ಮನೇಲಿ ಕೋವಿಗೆ ಮಳೆಗಾಲದಲ್ಲಿ ಟಾರ್ ಬಳೀತೀರಾ, ಎಣ್ಣೆ ಹಚ್ತೀರಾ?" ಅಂತ ಕೇಳಿದರು.

ಆ ಮಾತು ನನಗೆ ನಾಟಿತು. ನಮ್ಮಜ್ಜ ಕೋವಿಗೆ ಎಣ್ಣೆ ಬಟ್ಟೆ ಒರೆಸದೆ ಒಂದು ಮಳೆಗಾಲ ಕಳೆದವರಲ್ಲ. ಕೋವಿ ಪೂಜಿಸುವ ಕೈಲ್‌ಪೊಳ್ದ್ ಹಬ್ಬಕ್ಕೆ ಹೊರಗೆ ತೆಗೆದರೆ ನಳಿಗೆಯಲ್ಲಿ ಮುಖ ಕಾಣುತ್ತಿತ್ತು. ಎಣ್ಣೆ ಗಟ್ಟಿಯಾಗುವುದಿಲ್ಲ, ಒಂದು ಕಡೆ ಒರೆಸಿಹೋದರೂ ಪಕ್ಕದ್ದು ಹರಿದು ಬಂದು ಮುಚ್ಚುತ್ತದೆ. ಟಾರ್ ಥರದ ಕೋಟಿಂಗ್ ಹಾಗಲ್ಲ. ಬಿಸಿಲು, ಚಳಿ, ವೈಬ್ರೇಶನ್ ತಿಂದು ಗಟ್ಟಿಯಾಗುತ್ತದೆ. ತೋಟದ ದಾರಿಯ ಒಂದು ಜಲ್ಲಿ ಬಡಿದರೆ ಸಣ್ಣ ಬಿರುಕು. ಅಲ್ಲಿಂದ ನೀರು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ತುಕ್ಕು ಕತ್ತಲಲ್ಲಿ ಆರಾಮಾಗಿ ಬೆಳೆಯುತ್ತದೆ, ಹೊರಗಿಂದ ಏನೂ ಕಾಣುವುದಿಲ್ಲ.

ಇನ್ನೊಂದು ತಪ್ಪು ಅದಕ್ಕಿಂತ ದೊಡ್ಡದು. ಬಾಗಿಲಿನ ಕೆಳಗೆ, ಫುಟ್‌ಬೋರ್ಡ್ ಹತ್ತಿರದ ಬಾಕ್ಸ್‌ನ ಅಡಿಯಲ್ಲಿ ನೀರು ಇಳಿಯಲು ಸಣ್ಣ ತೂತುಗಳಿರುತ್ತವೆ. ಗಾಜಿನ ಪಕ್ಕದಿಂದ ಇಳಿದ ಮಳೆನೀರು ಹೊರಗೆ ಹೋಗುವುದೇ ಅಲ್ಲಿಂದ. ಸ್ಪ್ರೇ ಹೊಡೆದವನು ಅವನ್ನೂ ಮುಚ್ಚಿಬಿಟ್ಟಿದ್ದ. ನಾಲ್ಕು ವರ್ಷ ನನ್ನ ಎಡಬಾಗಿಲು ನೀರು ತುಂಬಿದ ಕೊಡ! ತಿರುವಿನಲ್ಲಿ ಏನೋ ಗುಳುಗುಳು ಅನ್ನುತ್ತದೆ ಅಂತ ಮನೆಯವಳು ಹೇಳಿದ್ದಳು. ನಾನು ಡೀಸೆಲ್ ಟ್ಯಾಂಕ್ ಸದ್ದು ಅಂದಿದ್ದೆ.

ಟಿಂಕರಿಂಗ್, ವೆಲ್ಡಿಂಗ್, ಪ್ಯಾಚ್, ಪ್ರೈಮರ್ ಎಲ್ಲ ಸೇರಿ 14,000 ರೂಪಾಯಿ. ಹಳೆ ಕೋಟಿಂಗ್ ಕೆರೆದು ತೆಗೆಯಲಿಕ್ಕೇ ಇಬ್ಬರಿಗೆ ಮೂರು ದಿನ ಬೇಕಾಯಿತು.

ಹಿಂಭಾಗದ ಫ್ಲೋರ್ ಮಾತ್ರ ಯಾಕೆ ಅಷ್ಟು ಹಾಳಾಯಿತು ಅನ್ನುವುದು ಆಮೇಲೆ ತಲೆಗೆ ಹೋಯಿತು. ಅದೂ ಕೆನಡಾದಲ್ಲಿರುವ ಚಿಕ್ಕಪ್ಪನ ಮಗನ ಜೊತೆ ಮಾತಾಡುವಾಗ. ಅಲ್ಲಿ ಚಳಿಗಾಲದಲ್ಲಿ ರಸ್ತೆಗೆ ಲಾರಿಯಲ್ಲಿ ಉಪ್ಪು ಎರಚುತ್ತಾರಂತೆ. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟುವುದಿಲ್ಲ, ಹಾಗಾಗಿ ಐಸ್ ಕರಗುತ್ತದೆ. ಸುಮಾರು ಮೈನಸ್ 10 ಡಿಗ್ರಿಗಿಂತ ಕೆಳಗೆ ಹೋದರೆ ಬರೀ ಅಡುಗೆ ಉಪ್ಪಿನಿಂದ ಹೆಚ್ಚು ಪ್ರಯೋಜನವಿಲ್ಲ, ಆಗ ಕ್ಯಾಲ್ಸಿಯಂ ಕ್ಲೋರೈಡ್ ಬಳಸುತ್ತಾರೆ. ಆ ಉಪ್ಪುನೀರೆಲ್ಲ ಕಾರಿನ ಅಡಿಗೆ. ಉಪ್ಪು ಗಾಳಿಯ ತೇವ ಎಳೆದುಕೊಂಡು ಕಬ್ಬಿಣವನ್ನು ಒಣಗಲು ಬಿಡುವುದಿಲ್ಲ. ಅವನು ಪ್ರತಿ ವರ್ಷ ಹಿಮ ಬೀಳುವ ಮೊದಲು ಅಡಿಗೆ ಎಣ್ಣೆ ಸ್ಪ್ರೇ ಮಾಡಿಸುತ್ತಾನೆ. ಎರಡು ದಿನ ಮನೆ ಮುಂದೆಲ್ಲ ತೊಟ್ಟಿಕ್ಕುತ್ತದಂತೆ. "ನಿಮಗೇನಪ್ಪಾ, ಉಪ್ಪಿಲ್ಲ" ಅಂದ.

ಇಲ್ಲ ಅಂತ ಯಾರು ಹೇಳಿದ್ದು? ನಾವು ಉಪ್ಪನ್ನು ರಸ್ತೆಗೆ ಎರಚುವುದಿಲ್ಲ, ಮೂಟೆ ಕಟ್ಟಿ ಜೀಪಿನೊಳಗೇ ಹೇರುತ್ತೇವೆ. ಕಾಫಿಗೆ ಹಾಕುವ ಪೊಟ್ಯಾಷ್ ಗೊಬ್ಬರ ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ದಾಯಾದಿ. ಗಾಳಿಯಲ್ಲಿ ತೇವಾಂಶ 85 ಪರ್ಸೆಂಟ್ ಹತ್ತಿರ ಹೋದರೆ ತಾನೇ ನೀರಾಗುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಅದಕ್ಕಿಂತ ಕಡಿಮೆ ಇರುವುದು ಯಾವ ದಿನ? ಗೊಬ್ಬರ ಹೇರುವುದು ಕಾಫಿ ಹೂವಿಗೆ ಮುಂಚೆ ಒಂದು ಸಲ, ಹೂ ಆದಮೇಲೆ ಒಂದು ಸಲ, ಮಳೆ ನಡುವೆ ಬಿಡುವು ಸಿಕ್ಕಾಗ ಒಂದು ಸಲ, ಮಳೆ ಮುಗಿದಮೇಲೆ ಇನ್ನೊಂದು ಸಲ. ಒಡೆದ ಮೂಟೆಯಿಂದ ಉದುರಿದ್ದನ್ನು ಪೊರಕೆಯಲ್ಲಿ ಗುಡಿಸಿ ಸುಮ್ನೆ ಬಿಡುತ್ತಿದ್ದೆವು.

ಮೈಲುತುತ್ತದ (ಕಾಪರ್ ಸಲ್ಫೇಟ್) ಕಥೆ ಇನ್ನೂ ಕೆಟ್ಟದು. ಅದಕ್ಕೆ ಸುಣ್ಣ ಬೆರೆಸಿ, ಗಿಡದ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಕಲಸಿದಾಗ ಕತ್ತಿ ಅದ್ದಿ ನೋಡುತ್ತೇವಲ್ಲ? ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ ಲೆಕ್ಕ. ಆ ಕೆಂಪು ತಾಮ್ರ. ಅದು ಕತ್ತಿಗೆ ಹತ್ತಬೇಕಾದರೆ ಕತ್ತಿಯ ಕಬ್ಬಿಣ ಅಷ್ಟು ಕರಗಿರಬೇಕು. ಡ್ರಮ್ಮಿನಿಂದ ಚೆಲ್ಲಿದ ಮೈಲುತುತ್ತದ ನೀರು ಜೀಪಿನ ಫ್ಲೋರ್‌ಗೂ ಅದನ್ನೇ ಮಾಡುತ್ತದೆ. ಇಷ್ಟು ವರ್ಷ ಕತ್ತಿ ಅದ್ದಿದರೂ ನನಗೆ ಇದು ಹೊಳೆದಿರಲಿಲ್ಲ.

ರಿಪೇರಿ ಆದಮೇಲೆ, 2021ರ ಏಪ್ರಿಲ್‌ನಿಂದ, ಮೇಣದ ಸ್ಪ್ರೇಗೆ ಬದಲಾಯಿಸಿದೆ. ಇದು ಪೂರ್ತಿ ಒಣಗುವುದಿಲ್ಲ, ಬೆರಳಿಟ್ಟರೆ ಗ್ರೀಸ್ ಹಾಗೆ ಅಂಟುತ್ತದೆ. ಚಾಸಿಯ ಟೊಳ್ಳು ಬಾಕ್ಸ್‌ಗಳ ಒಳಗೆ, ಬಾಗಿಲಿನ ಒಳಗೆ ಹೊಡೆಯಲು ಉದ್ದ ಪೈಪಿನ ನಾಜಲ್ ಬರುತ್ತದೆ. ಅದು ಇಲ್ಲದ್ದನ್ನು ತರಬೇಡಿ, ತುಕ್ಕು ಹುಟ್ಟುವುದೇ ಒಳಗಡೆ. ಒಂದು ಜೀಪಿಗೆ ಐದು ಡಬ್ಬಿ ಬೇಕು. ವರ್ಷಕ್ಕೆ ಸುಮಾರು 3,000 ರೂಪಾಯಿ, ಕೂಲಿ ಬೇರೆ. ಮೊದಲ ವರ್ಷ ಗ್ಯಾರೇಜ್‌ನಲ್ಲಿ ಮಾಡಿಸಿದೆ, ಈಗ ನಾನೇ ಮಾಡುತ್ತೇನೆ. ಅಡಿ ಚೆನ್ನಾಗಿ ತೊಳೆದು, ಕಣದಲ್ಲಿ ಎರಡು ದಿನ ಬಿಸಿಲಿಗೆ ನಿಲ್ಲಿಸಿ, ಆಮೇಲೆ ಹೊಡೆಯಬೇಕು. ಒದ್ದೆ ಇರುವಾಗ ಹೊಡೆದರೆ ಒದ್ದೆಯನ್ನೇ ಒಳಗಿಟ್ಟು ಮುಚ್ಚಿದ ಹಾಗೆ. ಕಳೆದ ವರ್ಷ ಹೂಮಳೆಯ ಬೆನ್ನಿಗೆ ಬರುವ ಬ್ಯಾಕಿಂಗ್ ಮಳೆ ಬಿಟ್ಟೂಬಿಡದೆ ಕಾಡಿದ್ದರಿಂದ ಮೂರು ಸಲ ಮುಂದೂಡಬೇಕಾಯಿತು. ಬ್ರೇಕ್, ಸೈಲೆನ್ಸರ್ ಹತ್ತಿರ ಮಾತ್ರ ಹೊಡೆಯಬೇಡಿ. ನಾನು ಒಮ್ಮೆ ಸೈಲೆನ್ಸರ್‌ಗೆ ತಾಗಿಸಿ, ಮೂರ್ನಾಡು ಮುಟ್ಟುವ ತನಕ ಗಾಡಿಗೆ ಬೆಂಕಿ ಬಿದ್ದಿದೆ ಅಂತ ಹೆದರಿದ್ದೆ.

ತೊಂದರೆಗಳೂ ಇವೆ. ಒಂದು ವಾರ ವಾಸನೆ. ಧೂಳೆಲ್ಲ ಅಂಟಿ ಅಡಿ ಗಲೀಜು ಕಾಣುತ್ತದೆ, ಅಡಿಗೆ ಮಲಗಿದ ಮೆಕ್ಯಾನಿಕ್ ಬೈಯುತ್ತಾರೆ. ಮಡ್‌ಗಾರ್ಡ್ ಒಳಗಡೆ ಚಕ್ರ ಎರಚುವ ನೀರಿಗೆ ಕಕ್ಕಡದ (ಜುಲೈ–ಆಗಸ್ಟ್) ಹೊತ್ತಿಗೆ ಅರ್ಧ ಹೋಗಿರುತ್ತದೆ, ಬಿಡುವು ನೋಡಿ ಇನ್ನೊಂದು ಕೈ ಹೊಡೆಯಬೇಕು. ವಾಟರ್ ಸರ್ವೀಸ್‌ನ ಜೋರು ನೀರು ಹತ್ತಿರದಿಂದ ಬಿಟ್ಟರೂ ಕಿತ್ತುಹೋಗುತ್ತದೆ. ಇಷ್ಟೆಲ್ಲ ಮಾಡಿಯೂ ಬ್ಯಾಟರಿ ಟ್ರೇ ತುಕ್ಕು ಹಿಡಿಯಿತು, ಚಾಸಿಯ ಹಿಂದಿನ ಅಡ್ಡಪಟ್ಟಿಯ (ಕ್ರಾಸ್ ಮೆಂಬರ್) ಒಂದು ಜಾಯಿಂಟ್‌ನಲ್ಲೂ ಕಂದು ಬಣ್ಣ ಇಣುಕುತ್ತಿದೆ. ಆದರೆ ಅದು ನನ್ನ ಕಣ್ಣಿಗೆ ಕಾಣುತ್ತಿದೆ. ಹಳೆ ಕೋಟಿಂಗ್ ಇದ್ದಿದ್ದರೆ ತೂತು ಬೀಳುವವರೆಗೆ ಗೊತ್ತಾಗುತ್ತಿರಲಿಲ್ಲ. 2021ರಲ್ಲಿ ಹಾಕಿದ ಪ್ಯಾಚ್‌ಗಳು ನಾಲ್ಕು ಮಳೆಗಾಲ ಕಳೆದರೂ ಗಟ್ಟಿಯಾಗಿವೆ.

ನಮ್ಮ ಕಡೆ ವೇಸ್ಟ್ ಆಯಿಲ್‌ಗೆ ಡೀಸೆಲ್ ಬೆರೆಸಿ ಹೊಡೆಸುವವರು ಜಾಸ್ತಿ. ಖರ್ಚಿಲ್ಲ, ತುಕ್ಕೂ ಸ್ವಲ್ಪ ತಡೆಯುತ್ತದೆ, ಅದು ನಿಜ. ಆದರೆ ರಬ್ಬರ್ ಬುಷ್‌ಗಳು ಉಬ್ಬುತ್ತವೆ. ಮಿಕ್ಕದ್ದು ಮಳೆಗೆ ತೊಳೆದು ತೋಡಿಗೆ, ತೋಡಿನಿಂದ ಕಾವೇರಿಗೆ. ಕೆಳಗಿನವರು ಕುಡಿಯುವ ನೀರಲ್ವಾ? ನಾನು ಬಿಟ್ಟೆ.

ಅಂಕ ಕೊಡಿ ಅಂದರೆ ಟಾರ್ ಕೋಟಿಂಗ್‌ಗೆ ಐದರಲ್ಲಿ ಒಂದೂವರೆ, ಮೇಣಕ್ಕೆ ನಾಲ್ಕು. ಒಣ ಊರಲ್ಲಿ, ಡಾಂಬರು ರಸ್ತೆಯಲ್ಲೇ ಓಡಿಸುವವರಿಗೆ ಮೊದಲನೆಯದೂ ನಡೆಯಬಹುದು. ನನಗೆ ಮೇಣಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಮಾತ್ರ ದುಡ್ಡು ಬೇಡದ ವಿಷಯ. ಗೊಬ್ಬರ ಹೇರುವ ಮೊದಲು ಟಾರ್ಪಾಲ್ ಹಾಸುತ್ತೇವೆ, ಇಳಿಸಿದ ದಿನವೇ ಫ್ಲೋರ್‌ಗೂ ಅಡಿಗೂ ನಾಲ್ಕು ಕೊಡ ಬರೀ ನೀರು. ಡ್ರೈವರ್ ಹುಡುಗ ಮೊದಮೊದಲು ಗೊಣಗುತ್ತಿದ್ದ, ಮಳೆಯಲ್ಲೇ ನಿಂತ ಗಾಡಿಗೆ ಮತ್ತೆ ನೀರು ಹಾಕುವುದಾ ಅಂತ.

ಕಳೆದ ವಾರ ಪಕ್ಕದ ತೋಟದವರು ಹೊಸ ಪಿಕಪ್ ತಂದರು, ಕೋಟಿಂಗ್ ಸೇರಿಸಿಯೇ ಬಿಲ್ ಆಗಿತ್ತು. ನೀರಿಳಿಯುವ ತೂತು ನೋಡೋಣ ಅಂತ ಟಾರ್ಚ್ ಹಿಡಿದು ಇಬ್ಬರೂ ಅಡಿಗೆ ಮಲಗಿದೆವು. ಆರರಲ್ಲಿ ಎರಡು ಮುಚ್ಚಿತ್ತು. ಬಿದಿರು ಕಡ್ಡಿಯಲ್ಲಿ ಚುಚ್ಚಿ ಬಿಡಿಸಿದೆವು. ಒಂದರಿಂದ ನೀರು ಸುರಿದು ಅವರ ತೋಳೆಲ್ಲ ಒದ್ದೆಯಾಯಿತು.