ಹಗ್ಗ, ಸೈಕಲ್, ಸೂರ್ಯನಮಸ್ಕಾರ, ಮೆಟ್ಟಿಲು: ಪುಟ್ಟ ಮಕ್ಕಳಿರುವ ಮನೆಗೆ ಯಾವುದು ಒಗ್ಗುತ್ತದೆ?

ಮೈಸೂರಿನಲ್ಲಿ ನಮ್ಮದು ಮೊದಲ ಮಹಡಿಯ ಬಾಡಿಗೆ ಮನೆ. ಕೆಳಗೆ ಮಾಲೀಕರು, ಮೇಲೆ ತಾರಸಿ. ಎಂಟು ವರ್ಷದ ಮಗಳು, ಮೂರು ವರ್ಷದ ಮಗ. ಬೆಳಿಗ್ಗೆ ಐದೂವರೆಗೆ ಎದ್ದರೆ ಆರು ಗಂಟೆಯವರೆಗೆ ಸಮಯ ನನ್ನದು. ಆಮೇಲೆ ಹಾಲು, ಕುಕ್ಕರ್, ಊಟದ ಡಬ್ಬಿ, ಏಳೂಮುಕ್ಕಾಲಿಗೆ ಶಾಲೆಯ ವ್ಯಾನು. ಆ ಅರ್ಧ ಗಂಟೆಯೂ ಪೂರ್ತಿಯಾಗಿ ನನ್ನದಲ್ಲ, ಮಗ ಯಾವಾಗ ಬೇಕಾದರೂ ಎದ್ದು ಕರೆಯಬಹುದು. ಎದೆಬಡಿತ ಏರಿಸುವ, ಮೈ ಬೆವರಿಸುವ ವ್ಯಾಯಾಮ ಬೇಕು, ಆದರೆ ಮನೆ ಬಿಟ್ಟು ಹೋಗುವಂತಿಲ್ಲ. ಅದಕ್ಕೇ ಜನವರಿಯಿಂದ ನಾಲ್ಕು ವ್ಯಾಯಾಮಗಳನ್ನು ತಲಾ ಮೂರು ವಾರ ಮಾಡಿ ನೋಡಲು ಹೊರಟೆ.

ಅಳತೆಗೆ ಎರಡು ದಾರಿ ಇಟ್ಟುಕೊಂಡೆ. ಒಂದು ಮಾತು: ಮಾತನಾಡಲು ಆಗಿ ಹಾಡಲು ಆಗದಿದ್ದರೆ ಮಧ್ಯಮ ಶ್ರಮ, ನಾಲ್ಕು ಪದಕ್ಕೇ ಉಸಿರು ಕಟ್ಟಿದರೆ ಹೆಚ್ಚಿನ ಶ್ರಮ. ಇನ್ನೊಂದು ನಾಡಿ: ಮಣಿಕಟ್ಟಿನಲ್ಲಿ 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು. 220ರಿಂದ ವಯಸ್ಸನ್ನು ಕಳೆಯುವ ಹಳೆಯ ಅಂದಾಜಿನ ಪ್ರಕಾರ 37 ವರ್ಷದ ನನ್ನ ಗರಿಷ್ಠ ಬಡಿತ 183. ಅದರ ಶೇ. 70 ಎಂದರೆ 128. ಹಾಗಾಗಿ 15 ಸೆಕೆಂಡಿಗೆ 32 ಬಡಿತ ನನ್ನ ಗುರಿಯಾಯಿತು. ಆದರೆ ಎರಡನೆಯ ವಾರದಲ್ಲೇ ಒಂದು ವಿಷಯ ಸ್ಪಷ್ಟವಾಯಿತು. ಮಕ್ಕಳಿರುವವರು ಕೇಳಬೇಕಾದ ಮೊದಲ ಪ್ರಶ್ನೆ ಎಷ್ಟು ಕ್ಯಾಲೊರಿ ಕರಗಿತು ಎಂಬುದಲ್ಲ. ನಡುವೆ ಕೈಬಿಟ್ಟು ಓಡಿಹೋಗಿ, ಮತ್ತೆ ಬಂದು ಅಲ್ಲಿಂದಲೇ ಮುಂದುವರಿಸಬಹುದೇ ಎಂಬುದು.

ಮೊದಲು ಸ್ಕಿಪ್ಪಿಂಗ್ ಹಗ್ಗ. ಅಗ್ಗ, ಡ್ರಾಯರಿನಲ್ಲಿ ಹಿಡಿಸುತ್ತದೆ, ನಾಲ್ಕರಲ್ಲಿ ಇದರಷ್ಟು ಬೇಗ ಬಡಿತ ಏರಿಸುವುದು ಬೇರೊಂದಿಲ್ಲ. ಒಂದು ನಿಮಿಷ ಜಿಗಿದು ನಿಂತರೆ ನಾಡಿ 15 ಸೆಕೆಂಡಿಗೆ 39. ಹಗ್ಗದ ನಡುವೆ ಪಾದವಿಟ್ಟು ಎರಡೂ ತುದಿ ಎತ್ತಿದಾಗ ಹಿಡಿಕೆ ಕಂಕುಳವರೆಗೆ ಬಂದರೆ ಉದ್ದ ಸರಿ. ಎತ್ತರಕ್ಕೆ ಹಾರಬೇಕಿಲ್ಲ. ಹಗ್ಗ ಪಾದದಡಿ ನುಸುಳುವಷ್ಟು ಎದ್ದು, ಮುಂಗಾಲಿನ ಮೇಲೆ ಇಳಿದು, ಮೊಣಕಾಲನ್ನು ತುಸು ಬಗ್ಗಿಸಿದರೆ ಸಾಕು. ಮನೆಯೊಳಗೆ ಜಿಗಿದರೆ ಕೆಳಗೆ ಮಲಗಿರುವ ಮಾಲೀಕರ ತಾಯಿಗೆ ತೊಂದರೆ, ಆದ್ದರಿಂದ ತಾರಸಿಗೆ ಹೋಗುತ್ತಿದ್ದೆ. ಅಲ್ಲಿದ್ದರೆ ಮಗ ಎದ್ದು ಅತ್ತದ್ದು ಕೇಳಿಸುವುದಿಲ್ಲ.

ಹಗ್ಗ ಬಿಡಲು ಇನ್ನೂ ದೊಡ್ಡ ಕಾರಣವಿತ್ತು. ತಾಯಂದಿರು ಇದನ್ನು ತಮ್ಮತಮ್ಮಲ್ಲೂ ಹೇಳಿಕೊಳ್ಳುವುದಿಲ್ಲವಾದ್ದರಿಂದ ಬಿಡಿಸಿಯೇ ಬರೆಯುತ್ತೇನೆ. ಮೂರನೆಯ ದಿನ ಐವತ್ತು ಜಿಗಿತ ದಾಟುವಷ್ಟರಲ್ಲಿ ಮೂತ್ರ ಸೋರಿತು. ಅಂದೇ ಹಗ್ಗ ಸುತ್ತಿಟ್ಟು ಫಿಸಿಯೋಥೆರಪಿಸ್ಟ್ ಬಳಿ ಹೋದೆ. ಹೆರಿಗೆಯಾದ ಹೆಂಗಸರಲ್ಲಿ ಇದು ಸಾಮಾನ್ಯ. ಗರ್ಭಿಣಿಯಾಗಿದ್ದಾಗ ಮತ್ತು ಹೆರಿಗೆಯಲ್ಲಿ ಹೊಟ್ಟೆಯ ತಳದಲ್ಲಿ ಮೂತ್ರಕೋಶವನ್ನು ಹೊತ್ತಿರುವ ಸ್ನಾಯುಗಳು ಹಿಗ್ಗಿ ಸಡಿಲಗೊಂಡಿರುತ್ತವೆ, ಜಿಗಿತದ ಹೊಡೆತ ಅವುಗಳ ಮೇಲೆಯೇ ಬೀಳುತ್ತದೆ ಎಂದು ಅವರು ವಿವರಿಸಿದರು. ಆ ಸ್ನಾಯುಗಳನ್ನು ಮೇಲಕ್ಕೆಳೆದು, ಕೆಲವು ಸೆಕೆಂಡು ಹಿಡಿದು, ಪೂರ್ತಿ ಬಿಡುವ ಅಭ್ಯಾಸ ಹೇಳಿಕೊಟ್ಟರು. ಈಗ ಬಹಳಷ್ಟು ಗುಣವಾಗಿದೆ. ನಿಮಗೂ ಹೀಗೇ ಆಗುತ್ತಿದ್ದರೆ ನಾಚಿಕೊಂಡು ವ್ಯಾಯಾಮವನ್ನೇ ಬಿಡಬೇಡಿ, ಜಿಗಿತವನ್ನು ಮಾತ್ರ ಬಿಟ್ಟು ತೋರಿಸಿಕೊಳ್ಳಿ. ಮಕ್ಕಳು ಹುಟ್ಟಿ ಎಷ್ಟೇ ವರ್ಷವಾಗಿದ್ದರೂ ತಡವಾಯಿತೆಂದು ತಿಳಿಯಬೇಡಿ.

ಸೂರ್ಯನಮಸ್ಕಾರಕ್ಕೆ ಒಂದು ಚಾಪೆ ಸಾಕು, ಸದ್ದಿಲ್ಲ, ಪಕ್ಕದ ಕೋಣೆಯಲ್ಲೇ ಮಗು ಮಲಗಿರುತ್ತದೆ. ಉಸಿರಿಗೆ ತಕ್ಕಂತೆ ನಿಧಾನವಾಗಿ ಹನ್ನೆರಡು ಸುತ್ತು ಮಾಡಿದರೆ ಬೆನ್ನಿನ ಬಿಗಿತವೆಲ್ಲ ಇಳಿಯುತ್ತದೆ. ಆದರೆ ನಾಡಿ 24ರ ಆಸುಪಾಸಿನಲ್ಲೇ ನಿಂತಿತು. ಹತ್ತು ನಿಮಿಷಕ್ಕೆ ಇಪ್ಪತ್ನಾಲ್ಕು ಸುತ್ತಿನ ವೇಗಕ್ಕೆ ತಂದಾಗ 30 ಮುಟ್ಟಿತಾದರೂ ಆಸನ ಕೆಟ್ಟು ಸೊಂಟ ಕುಸಿಯತೊಡಗಿತು. ಇದು ನನಗೆ ಬೇಕು, ಆದರೆ ಬೇರೆಯದೇ ಕಾರಣಕ್ಕೆ. ಇನ್ನು ಮಗ ಎದ್ದ ಮೇಲಂತೂ ಇದು ಮುಂದೆ ಸಾಗುವುದೇ ಇಲ್ಲ. ಪರ್ವತಾಸನಕ್ಕೆ ಬಂದರೆ ಅವನು ಕೆಳಗೆ ತೂರುತ್ತಾನೆ, ಭುಜಂಗಾಸನಕ್ಕೆ ಬಂದರೆ ಬೆನ್ನೇರುತ್ತಾನೆ.

ಟ್ರೆಡ್‌ಮಿಲ್ ಅನ್ನು ಅಕ್ಕನ ಮನೆಯಲ್ಲಿ ಒಂದು ವಾರ ಬಳಸಿ ಅಲ್ಲಿಗೇ ಕೈಬಿಟ್ಟೆ. ಓಡುವ ಪಟ್ಟಿಗೆ ಪುಟ್ಟ ಮಕ್ಕಳ ಕೈ ಸಿಕ್ಕಿದರೆ ಚರ್ಮ ಸುಲಿದು ಆಳವಾದ ಗಾಯವಾಗುತ್ತದೆ. ಮೂರು ವರ್ಷದ ಮಗನಿರುವ ಎರಡು ಕೋಣೆಯ ಮನೆಗೆ ಅದು ಬೇಡ.

ಮನೆಯೊಳಗೆ ನಿಂತಲ್ಲೇ ತುಳಿಯುವ ವ್ಯಾಯಾಮದ ಸೈಕಲ್ ಬಂದದ್ದು ನಮ್ಮ ಮನೆಯವರ ಒತ್ತಾಯಕ್ಕೆ, ಆರು ಸಾವಿರಕ್ಕೆ ಸೆಕೆಂಡ್ ಹ್ಯಾಂಡ್. ಕೊಳ್ಳುವಾಗ ಚಕ್ರಕ್ಕೂ ಚೈನಿಗೂ ಪೂರ್ತಿ ಮುಚ್ಚಳವಿದೆಯೇ ಎಂಬುದನ್ನು ಮೊದಲು ನೋಡಿ, ಬೆರಳು ತೂರುವ ಸಂದು ಎಲ್ಲೂ ಇರಬಾರದು. ಸೀಟಿನ ಎತ್ತರವೂ ಮುಖ್ಯ. ಪೆಡಲ್ ಕೆಳತುದಿಗೆ ಬಂದಾಗ ಮೊಣಕಾಲು ತುಸುವೇ ಬಾಗಿರಬೇಕು, ಸೀಟು ತಗ್ಗಾದರೆ ಎರಡೇ ದಿನಕ್ಕೆ ಮೊಣಕಾಲಿನ ಮುಂಭಾಗ ನೋಯುತ್ತದೆ. ಪೆಡಲಿನ ಬಿಗಿತ ಹೊಂದಿಸುವ ಗುಂಡಿಯನ್ನು ಸಡಿಲ ಬಿಟ್ಟು ತುಳಿದಾಗ ನಾಡಿ 29, ಬಿಗಿ ಮಾಡಿದಾಗ 33. ರಾತ್ರಿ ಒಂಬತ್ತೂವರೆಗೆ ತುಳಿದರೂ ಯಾರಿಗೂ ಕೇಳಿಸುವುದಿಲ್ಲ. ಮನೆಯವರು ಪೆಡಲ್ ತುಳಿಯುತ್ತಲೇ ಮಗಳಿಂದ ಹನ್ನೆರಡರ ಮಗ್ಗಿ ಒಪ್ಪಿಸಿಕೊಳ್ಳುತ್ತಾರೆ. ಮಾತು ನಿಲ್ಲಬಾರದಾದ್ದರಿಂದ ಶ್ರಮವೂ ಅದರಷ್ಟಕ್ಕೆ ಮಧ್ಯಮ ಮಟ್ಟದಲ್ಲಿ ಉಳಿಯುತ್ತದೆ. ಮಂಡಿನೋವಿರುವವರಿಗೆ, ಭಾರ ಹೆಚ್ಚಿರುವವರಿಗೆ ನಾಲ್ಕರಲ್ಲಿ ನಾನು ಹೇಳುವುದು ಇದನ್ನೇ. ಬೆಳಿಗ್ಗೆ ಅದರ ಮೇಲೆ ಕುಳಿತರೆ ನನಗೆ ನಿದ್ದೆಯೇ ಬಿಡುವುದಿಲ್ಲ, ಸಾಲದ್ದಕ್ಕೆ ಗೋಡೆ ನೋಡುತ್ತಾ ಕುಳಿತರೆ ಹತ್ತು ನಿಮಿಷವೂ ಉದ್ದವೆನಿಸುತ್ತದೆ.

ಕೊನೆಗೆ ನನಗೆ ಒಗ್ಗಿದ್ದು ನಮ್ಮದೇ ಮೆಟ್ಟಿಲು. ಗೇಟಿನಿಂದ ತಾರಸಿಯವರೆಗೆ 36. ಹತ್ತಿ ಇಳಿಯಲು ಒಂದು ನಿಮಿಷ. ಐದನೆಯ ಸುತ್ತಿಗೆ ನಾಡಿ 35. ಪ್ರತಿ ಸುತ್ತಿನಲ್ಲೂ ಎರಡು ಸಲ ನಮ್ಮ ಬಾಗಿಲನ್ನು ದಾಟುವುದರಿಂದ ಮಗ ಮಗ್ಗುಲಾದರೂ ತಿಳಿಯುತ್ತದೆ. 36ನ್ನು 28ರಿಂದ ಗುಣಿಸಿದರೆ 1008, ಅಂದರೆ 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಚಾಮುಂಡಿ ಬೆಟ್ಟಕ್ಕೆ ಕಟ್ಟಿಸಿದ ಸಾವಿರ ಮೆಟ್ಟಿಲಿನ ಲೆಕ್ಕ ಮನೆಯಲ್ಲೇ ಮುಗಿಯುತ್ತದೆ. ಇದನ್ನು ಕಂಡುಹಿಡಿದವಳು ಮಗಳು. ಪ್ರತಿ ಸುತ್ತಿಗೂ ಕೆಳಗಿನ ಮೆಟ್ಟಿಲ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯುತ್ತಾಳೆ. ಬೆಟ್ಟದಲ್ಲಿ ಏಳುನೂರರ ಸುಮಾರಿಗೆ ಸಿಗುವ ನಂದಿ ನಮ್ಮಲ್ಲಿ ಇಪ್ಪತ್ತನೆಯ ಗೆರೆ. ಬೆಳಿಗ್ಗೆ ಹದಿನಾಲ್ಕು ಗೆರೆ ಎಳೆಯುವುದಷ್ಟೇ ಸಾಧ್ಯ. ಸಂಜೆ ಕಚೇರಿಯಿಂದ ಬಂದು ಚೀಲ ಇಡುವ ಮೊದಲೇ, “ನಂದಿ ಇನ್ನೆಷ್ಟು ದೂರ, ಅಮ್ಮಾ?” ಎಂಬ ಪ್ರಶ್ನೆ.

ನನಗೆ ಮುಖ್ಯವಾದದ್ದು ಆ ಗೆರೆಗಳೇ. ಒಂಬತ್ತನೆಯ ಸುತ್ತಿಗೆ ಮಗ ಕರೆದರೆ ಒಂಬತ್ತು ಗೆರೆ ಹಾಗೆಯೇ ಇರುತ್ತವೆ, ಹಾಲು ಕುಡಿಸಿ ಬಂದು ಹತ್ತನೆಯದನ್ನು ಶುರುಮಾಡುತ್ತೇನೆ. ಹೀಗೆ ತುಂಡು ಮಾಡಿದರೆ ಫಲವಿಲ್ಲವೇನೋ ಎಂಬ ಅಳುಕು ನನಗೂ ಇತ್ತು. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ ಅಥವಾ 75ರಿಂದ 150 ನಿಮಿಷ ಹೆಚ್ಚಿನ ಶ್ರಮ ಬೇಕೆನ್ನುವ ವಿಶ್ವ ಆರೋಗ್ಯ ಸಂಸ್ಥೆ, ಒಮ್ಮೆಗೆ ಕನಿಷ್ಠ ಹತ್ತು ನಿಮಿಷವಾದರೂ ಆಗಬೇಕೆಂಬ ಹಳೆಯ ಷರತ್ತನ್ನು 2020ರ ಮಾರ್ಗಸೂಚಿಯಲ್ಲಿ ಕೈಬಿಟ್ಟಿದೆ. ಐದು ನಿಮಿಷವೂ ಲೆಕ್ಕಕ್ಕೆ ಸೇರುತ್ತದೆ. ಈ ವಿಷಯ ಮಗ ಹುಟ್ಟಿದಾಗಲೇ ತಿಳಿದಿದ್ದರೆ ಎರಡು ವರ್ಷ ಸುಮ್ಮನೆ ಕೂರುತ್ತಿರಲಿಲ್ಲ.

ಮೆಟ್ಟಿಲಿಗೆ ಎಚ್ಚರವೂ ಬೇಕು. ಮೊದಲ ವಾರ ತೊಡೆ ಹಿಡಿದುಕೊಳ್ಳುವುದು ಹತ್ತಿದ್ದಕ್ಕಿಂತ ಇಳಿದದ್ದರಿಂದ; ಇಳಿಯುವಾಗ ನಿಧಾನವಾಗಿ, ಕಂಬಿ ಹಿಡಿದೇ ಇಳಿಯಿರಿ. ಐದೂವರೆಗೆ ಇನ್ನೂ ಕತ್ತಲು, ದೀಪ ಹಾಕಿರಿ. ಮಗುವನ್ನು ಎತ್ತಿಕೊಂಡು ಹತ್ತಬೇಡಿ. ಮೊಣಕಾಲು ಸವೆದವರು ಸೈಕಲ್ಲನ್ನೇ ಆರಿಸಿಕೊಳ್ಳಲಿ, ಹೃದಯದ ತೊಂದರೆ ಅಥವಾ ರಕ್ತದೊತ್ತಡ ಇರುವವರು ವೈದ್ಯರನ್ನು ಕೇಳಿಯೇ ತೊಡಗಲಿ.

ಈಗ ಮನೆಯಲ್ಲಿ ಮೂರು ಉಳಿದಿವೆ: ವಾರದಲ್ಲಿ ಐದು ದಿನ ನನಗೆ ಮೆಟ್ಟಿಲು, ರಾತ್ರಿ ಮನೆಯವರಿಗೆ ಸೈಕಲ್, ಭಾನುವಾರ ನಾಲ್ವರಿಗೂ ನಿಧಾನದ ಸೂರ್ಯನಮಸ್ಕಾರ. ಹಗ್ಗ ಮಗಳ ಪಾಲಾಗಿದೆ. ತಾರಸಿಯ ಕಡೆಯ ಹದಿನೆಂಟು ಮೆಟ್ಟಿಲು ಬಯಲಿಗಿವೆ, ಮಳೆ ಬಂದರೆ ಜಾರುತ್ತವೆ. ಆಗ ಒಳಗಿನ ಹದಿನೆಂಟನ್ನೇ ಐವತ್ತಾರು ಸಲ ಹತ್ತಬೇಕು. ಮಳೆಯಲ್ಲಿ ಸೀಮೆಸುಣ್ಣ ಉಳಿಯುವುದಿಲ್ಲವೆಂದು ಮಗಳು ಗೆರೆಗಳನ್ನು ಅಡುಗೆಮನೆಯ ಕ್ಯಾಲೆಂಡರಿಗೆ ಸಾಗಿಸಿದ್ದಾಳೆ.