ತತ್ವಪದ ರೆಕಾರ್ಡಿಂಗಿಗೆ 44.1, 48, 96: ಯಾವುದು ಸಾಕು?

ಕಲಬುರಗಿ ಸೀಮೆಯ ಮಠಗಳಲ್ಲಿ ಏಕತಾರಿ, ದಮ್ಮಡಿ, ತಾಳ ಹಿಡಿದು ಹಾಡುವ ತತ್ವಪದಗಳನ್ನು ರೆಕಾರ್ಡ್ ಮಾಡುವವರಿಗೆ 48 ಕಿಲೋಹರ್ಟ್ಸ್ ಸ್ಯಾಂಪಲ್ ದರ (ಸೆಕೆಂಡಿಗೆ ಎಷ್ಟು ಸಾವಿರ ಸಲ ದನಿಯನ್ನು ಅಳೆಯುತ್ತದೆ ಎಂಬ ಲೆಕ್ಕ), 24 ಬಿಟ್ (ಪ್ರತಿ ಅಳತೆ ಎಷ್ಟು ಸೂಕ್ಷ್ಮ ಎಂಬ ಲೆಕ್ಕ) ಧಾರಾಳವಾಯಿತು. ಸ್ಯಾಂಪಲ್ ದರದ ಅರ್ಧದವರೆಗಿನ ಕಂಪನಾಂಕ ಮಾತ್ರ ಫೈಲಿಗೆ ಬರುತ್ತದೆ: 44.1ರಲ್ಲಿ 22.05, 48ರಲ್ಲಿ 24. ಮನುಷ್ಯರ ಕಿವಿಗೆ ಕೇಳುವುದೇ ಹೆಚ್ಚೆಂದರೆ 20. ವಿಡಿಯೊಗೆ 48, ಸಿಡಿಗೆ 44.1, ಅಷ್ಟೇ ಲೆಕ್ಕ.

96ಕ್ಕೆ ಹೋದರೆ ಫೈಲ್ ಇಮ್ಮಡಿ. 24 ಬಿಟ್ ಸ್ಟೀರಿಯೊದಲ್ಲಿ ನಿಮಿಷಕ್ಕೆ 17 ಎಂಬಿ ಇದ್ದದ್ದು 35ರ ಹತ್ತಿರ ಬರುತ್ತದೆ. ರಾತ್ರಿಯಿಡೀ ಭಜನೆಯಾದರೆ ಕಾರ್ಡ್ ಬೇಗ ತುಂಬುವುದೊಂದೇ ಲಾಭ!

ದರಕ್ಕಿಂತ ಬಿಟ್ ಮುಖ್ಯ. 16 ಬಿಟ್‌ನ ವ್ಯಾಪ್ತಿ, ಅಂದರೆ ಅತಿ ಮೆಲ್ಲನೆಯ ಸದ್ದಿನಿಂದ ಅತಿ ಜೋರಿನ ಸದ್ದಿನವರೆಗಿನ ಅಂತರ, ಸುಮಾರು 96 ಡೆಸಿಬೆಲ್. ಬೇಸಿಗೆಯಲ್ಲಿ ತಿರುಗುವ ಫ್ಯಾನಿನ ಸದ್ದು ಅದರ ತಳವನ್ನು ಹೇಗೂ ಮುಚ್ಚಿಬಿಡುತ್ತದೆ. ಆದರೂ 24 ಇರಲಿ, ಲೆವೆಲ್ ತಗ್ಗಿಸಿ ಇಡಲು ಧೈರ್ಯ ಬರುತ್ತದೆ. ಪೀಕ್ (ಅತಿ ಜೋರಿನ ಸದ್ದು) ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ಆಸುಪಾಸು ನಿಲ್ಲಬೇಕು. ತಾಳದ ಪೆಟ್ಟು ಮೀಟರಿನ ಗರಿಷ್ಠ ಮಿತಿಯಾದ ಸೊನ್ನೆ ದಾಟಿತೋ, ತರಂಗದ ತುದಿ ಚಪ್ಪಟೆಯಾಗಿ ಕರಕರ ಎನ್ನುತ್ತದೆ. ದರ 192 ಇಟ್ಟರೂ ಅದು ಹೋಗದು.

48ರ ಫೈಲನ್ನು ಪರಿವರ್ತಿಸದೆ 44.1 ಎಂದು ನುಡಿಸಿದರೆ ಹಾಡು ಎಳೆಯುತ್ತದೆ, ಶ್ರುತಿ ಸುಮಾರು ಒಂದೂವರೆ ಸೆಮಿಟೋನ್ (ಹಾರ್ಮೋನಿಯಂನ ಪಕ್ಕಪಕ್ಕದ ಮನೆಗಳ ಅಂತರ) ಇಳಿಯುತ್ತದೆ. ರೆಕಾರ್ಡರ್‌ನಲ್ಲೂ ಎಡಿಟಿಂಗ್ ಪ್ರಾಜೆಕ್ಟ್‌ನಲ್ಲೂ ಒಂದೇ ದರ ಇರಲಿ.